ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಅಗ್ಗದ ಬ್ಲೂಟೂತ್ ಒಬಿಡಿ ಸ್ಕ್ಯಾನರ್: ಹಲವು ವರ್ಷಗಳ ಬಳಕೆಯ ನಂತರ

ಕಾರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಅದರ ಕಂಪ್ಯೂಟರಿನ ದೋಷಸೂಚನೆಗಳನ್ನು (ಕೋಡ್) ಫೋನಿಗೆ ಕಳಿಸುವ ಇಂಥ ಸ್ಕ್ಯಾನರ್‌ಗಳ ಬಗ್ಗೆ ಕಾಣಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಕೊಂಡ ವಾರದೊಳಗೇ ಬರೆದವು. ಕೋಡ್ ಓದಿತು, ದೀಪ ಆರಿತು, ಐದು ನಕ್ಷತ್ರ ಎಂದು ಅವು ಮುಗಿಯುತ್ತವೆ. ಹಳೆಯ ಎರಡಾಸನದ, ನಾಲ್ಕು ಸಿಲಿಂಡರಿನ ಸ್ಪೋರ್ಟ್ಸ್ ಕಾರೊಂದರಲ್ಲಿ ವರ್ಷಗಟ್ಟಲೆ ಇದನ್ನು ಬಳಸಿದ ಮೇಲೆ ನನಗನ್ನಿಸುವುದು, ಕೋಡ್ ಓದುವುದು ಈ ಸಾಧನದ ಅತ್ಯಂತ ಕಡಿಮೆ ಪ್ರಯೋಜನದ ಕೆಲಸ ಎಂದು. ಕಾರಿನ ಕೆಲಸವನ್ನು ಆದಷ್ಟು ನಾನೇ ಮಾಡಿಕೊಳ್ಳುತ್ತೇನೆ, ಬಿಡಿಭಾಗಗಳಿಗೆ ಧಾರಾಳವಾಗಿ ಖರ್ಚು ಮಾಡುವ ಸ್ಥಿತಿಯಲ್ಲಿಲ್ಲ, ಹಾಗೂ ಈ ವಯಸ್ಸಿನ ಕಾರಿಗೆ ಬಿಡಿಭಾಗ ಸಿಗುವುದೂ ಕಷ್ಟ. ಆದ್ದರಿಂದ ಒಂದು ತಪ್ಪು ಭಾಗವನ್ನು ಬದಲಾಯಿಸುವುದರಿಂದ ಈ ಸಾಧನ ನನ್ನನ್ನು ಉಳಿಸಿತೇ ಎಂಬುದೊಂದೇ ನನ್ನ ಮಾನದಂಡ.

ಉಳಿಸಿತು, ಆದರೆ ಕೋಡ್ ಮೂಲಕವಲ್ಲ. ಚೆಕ್ ಇಂಜಿನ್ ದೀಪ ಹತ್ತಿದಾಗ ತೆರೆಯ ಮೇಲೆ ಬಂದದ್ದು ಪಿ0420, ಅಂದರೆ ಹೊಗೆಯ ವಿಷಾನಿಲಗಳನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ನಿಗದಿತ ಮಿತಿಗಿಂತ ಕೆಳಗಿದೆ ಎಂಬ ಸೂಚನೆ. ಹಳೆಯ ಕಾರಿನಲ್ಲಿ ಈ ಸಂಖ್ಯೆ ಕಂಡ ಕೂಡಲೇ ಕನ್ವರ್ಟರ್ ಸತ್ತಿದೆ, ಹೊಸದು ಹಾಕಿ ಎಂದು ಹೇಳುವವರೇ ಹೆಚ್ಚು. ಕನ್ವರ್ಟರಿನ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಮುಂದಿನದು ಸುಮಾರು 0.1 ರಿಂದ 0.9 ವೋಲ್ಟ್‌ಗಳ ನಡುವೆ ಒಂದೇ ಸಮನೆ ಏರಿಳಿಯುತ್ತಿರಬೇಕು, ಹಿಂದಿನದು ಬಹುಮಟ್ಟಿಗೆ ಸ್ಥಿರವಾಗಿರಬೇಕು. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕನ್ವರ್ಟರಿನ ಮೇಲೆ ದೋಷ ಹೊರಿಸುತ್ತದೆ. ಆದರೆ ಇಸಿಯು ಕನ್ವರ್ಟರನ್ನು ನೇರವಾಗಿ ನೋಡುವುದೇ ಇಲ್ಲ, ನೋಡುವುದು ಈ ಎರಡು ತಂತಿಗಳ ವೋಲ್ಟೇಜನ್ನು ಮಾತ್ರ. ಇಂಜಿನ್ನಿನಿಂದ ಹಿಂದಿನ ಸೆನ್ಸರಿನವರೆಗೆ ಎಕ್ಸಾಸ್ಟಿನಲ್ಲಿ ಎಲ್ಲಿ ಬಿರುಕಿದ್ದರೂ ಆ ಲೆಕ್ಕ ಕೆಡಬಹುದು.

ನನಗೆ ದಾರಿ ತೋರಿಸಿದ್ದು ಫ್ಯೂಯಲ್ ಟ್ರಿಮ್ ಎಂಬ ಎರಡು ಅಂಕಿಗಳು. ಲೈವ್ ಡೇಟಾ ಪುಟದಲ್ಲಿ ಅಲ್ಪಾವಧಿ ಟ್ರಿಮ್ ಮತ್ತು ದೀರ್ಘಾವಧಿ ಟ್ರಿಮ್ ಎಂದು ಅವು ಶೇಕಡಾವಾರಿನಲ್ಲಿ ಕಾಣುತ್ತವೆ. ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕುತ್ತಿದೆ ಎಂಬುದನ್ನು ಅವು ಹೇಳುತ್ತವೆ. ಎರಡರ ಮೊತ್ತ ಸೊನ್ನೆಯ ಆಚೀಚೆ ಶೇಕಡಾ ಐದರೊಳಗೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ; ಹತ್ತು ದಾಟಿದರೆ ಬಾನೆಟ್ ಎತ್ತುತ್ತೇನೆ. ನನ್ನ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಈ ಅಂಕಿ ಹತ್ತನ್ನು ಚೆನ್ನಾಗಿಯೇ ದಾಟಿತ್ತು, 2500 ಆರ್‌ಪಿಎಂಗೆ ಏರಿಸಿದಾಗ ಬಹುತೇಕ ಸೊನ್ನೆಗೆ ಇಳಿಯುತ್ತಿತ್ತು. ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ದುರ್ಬಲವಾಗಿದ್ದರೆ ಇದಕ್ಕೆ ತದ್ವಿರುದ್ಧವಾಗಿ ಲೋಡ್ ಹೆಚ್ಚಿದಂತೆ ಅಂಕಿಯೂ ಏರಬೇಕಿತ್ತು. ಐಡ್ಲಿಂಗ್‌ನಲ್ಲಿ ಮಾತ್ರ ಏರುತ್ತದೆ ಎಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಬರುತ್ತಿದೆ ಎಂದರ್ಥ, ಮತ್ತು ಅದು ಇಂಟೇಕ್ (ಇಂಜಿನ್ನಿಗೆ ಗಾಳಿ ಒಳಬರುವ) ಕಡೆಯ ಏರ್ ಲೀಕ್ ಆಗಿರಬಹುದು ಅಥವಾ ಮುಂದಿನ ಸೆನ್ಸರಿಗಿಂತ ಮೊದಲೇ ಇರುವ ಎಕ್ಸಾಸ್ಟ್ ಲೀಕ್ ಆಗಿರಬಹುದು.

ಇವೆರಡನ್ನೂ ಬೇರ್ಪಡಿಸುವುದು ಸ್ಕ್ಯಾನರಿನಿಂದ ಆಗದ ಕೆಲಸ, ಮೂಗಿನಿಂದ ಆಗುವ ಕೆಲಸ. ಇಂಟೇಕ್ ಲೀಕ್ ಇದ್ದಾಗ ಇಸಿಯು ಹೆಚ್ಚುವರಿ ಗಾಳಿಗೆ ಸರಿಯಾದಷ್ಟೇ ಪೆಟ್ರೋಲ್ ಸೇರಿಸಿ ಮಿಶ್ರಣವನ್ನು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಎಂಬ ಅನುಪಾತಕ್ಕೆ ತಂದು ನಿಲ್ಲಿಸುತ್ತದೆ. ಹೊಗೆಕೊಳವೆಯ ವಾಸನೆಯಲ್ಲಿ ವಿಶೇಷವೇನೂ ಇರುವುದಿಲ್ಲ. ಎಕ್ಸಾಸ್ಟ್ ಲೀಕ್‌ನಲ್ಲಿ ಮಾತ್ರ ಇಸಿಯು ಮೋಸಹೋಗುತ್ತದೆ. ಹೊರಹೋಗುವ ಅನಿಲ ಏಕಪ್ರವಾಹವಾಗಿ ಹರಿಯದೆ ಸಿಲಿಂಡರಿನಿಂದ ಸಿಲಿಂಡರಿಗೆ ಬಡಿತಗಳಾಗಿ ಹೊರಡುತ್ತದೆ, ಪ್ರತಿ ಬಡಿತದ ಹಿಂದೆ ಕ್ಷಣಮಾತ್ರ ಒತ್ತಡ ಕುಸಿಯುತ್ತದೆ, ಆ ಕ್ಷಣದಲ್ಲಿ ಬಿರುಕಿನ ಮೂಲಕ ಹೊರಗಿನ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕಂಡ ಸೆನ್ಸರ್ ಮಿಶ್ರಣ ಲೀನ್ ಆಗಿದೆ, ಅಂದರೆ ಪೆಟ್ರೋಲ್ ಕಡಿಮೆಯಿದೆ ಎಂದು ವರದಿ ಮಾಡುತ್ತದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ, ಮತ್ತು ಸರಿಯಾಗಿಯೇ ಉರಿಯುತ್ತಿದ್ದ ಇಂಜಿನ್ ನಿಜವಾಗಿ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ. ತೆರೆಯ ಮೇಲೆ ಲೀನ್, ಹೊಗೆಕೊಳವೆಯ ತುದಿಯಲ್ಲಿ ಕಪ್ಪು ಮಸಿ ಮತ್ತು ಪೆಟ್ರೋಲ್ ವಾಸನೆ: ಈ ವಿರೋಧಾಭಾಸ ಕಂಡರೆ ಇಂಟೇಕ್ ಹೋಸುಗಳನ್ನು ಬಿಟ್ಟು ಸಿಲಿಂಡರುಗಳ ಹೊಗೆಯನ್ನು ಒಂದೆಡೆ ಸೇರಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಡೆ ತಿರುಗಬೇಕು.

ಜೊತೆಗೆ ಶಬ್ದವೂ ಸಾಕ್ಷಿ ಹೇಳುತ್ತಿತ್ತು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನ ಒಂದು ಬದಿಯಿಂದ ಟಿಕ್ ಟಿಕ್ ಎಂಬ ಚುರುಕಾದ ಸದ್ದು ಬರುತ್ತಿತ್ತು, ಕೆಲವು ನಿಮಿಷಗಳಲ್ಲಿ ಕರಗಿಹೋಗುತ್ತಿತ್ತು. ಇದನ್ನು ಟಪ್ಪೆಟ್ ಸದ್ದು ಎಂದು ತಳ್ಳಿಹಾಕುವವರಿದ್ದಾರೆ, ಏಕೆಂದರೆ ಹೈಡ್ರಾಲಿಕ್ ಲಿಫ್ಟರ್‌ಗಳೂ ಆಯಿಲ್ ತುಂಬುವವರೆಗೆ ಹೀಗೆಯೇ ಸದ್ದು ಮಾಡುತ್ತವೆ. ಆದರೆ ಆಕ್ಸಿಲರೇಟರ್ ಒತ್ತಿದಾಗ ಸದ್ದು ಜೋರಾದರೆ, ಮತ್ತು ಲೋಹ ಬಿಸಿಯಾಗಿ ಹಿಗ್ಗಿ ಸಂದು ಮುಚ್ಚಿಕೊಂಡಂತೆ ಅದು ನಿಂತರೆ, ಅದು ಎಕ್ಸಾಸ್ಟ್ ಲೀಕ್ ಆಗಿರುವ ಸಾಧ್ಯತೆಯೇ ಹೆಚ್ಚು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ತುದಿಯನ್ನು ಹೊಗೆಕೊಳವೆಗೆ ಬಟ್ಟೆ ಸುತ್ತಿ ಸಿಕ್ಕಿಸಿ, ಮ್ಯಾನಿಫೋಲ್ಡಿನ ಮೇಲೆ ಸೋಪಿನ ನೀರು ಚಿಮುಕಿಸಿದೆ. ನಾಲ್ಕನೆಯ ಸಿಲಿಂಡರಿನ ಪೋರ್ಟ್ ಬಳಿ, ಗ್ಯಾಸ್ಕೆಟ್ಟಿನ ಕೆಳಗಂಚಿನಲ್ಲಿ, ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಪಕ್ಕದಲ್ಲೇ ಸಿಲಿಂಡರ್ ಹೆಡ್ಡಿನ ಅಲ್ಯೂಮಿನಿಯಂ ಮೇಲೆ ಬೀಸಣಿಗೆಯಾಕಾರದ ಕಪ್ಪು ಮಸಿ ಹರಡಿತ್ತು, ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ ಕೊನೆಯ ಸ್ಟಡ್ ಮುರಿದು ನಟ್ಟು ಮಾಯವಾಗಿತ್ತು. ಉದ್ದದ ಮ್ಯಾನಿಫೋಲ್ಡ್ ಬಿಸಿಯಾದಾಗ ಹಿಗ್ಗಿ ತಣಿದಾಗ ಕುಗ್ಗುವುದರಿಂದ ತುದಿಯ ಸ್ಟಡ್‌ಗಳ ಮೇಲೇ ಹೆಚ್ಚು ಎಳೆತ ಬೀಳುತ್ತದೆ. ಹಳೆಯ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಅವನ್ನೇ. ಸ್ಟಡ್ ಮತ್ತು ಗ್ಯಾಸ್ಕೆಟ್ ಬದಲಾದ ಮೇಲೆ ಟ್ರಿಮ್ ತಾನಾಗಿ ಇಳಿಯಿತು, ಪಿ0420 ಮರಳಿ ಬಂದಿಲ್ಲ, ಕನ್ವರ್ಟರ್ ಹಳೆಯದೇ ಇದೆ. ಮಡಚುವ ಛಾವಣಿಯ ಕಾರುಗಳಲ್ಲಿ ಇಂಥ ಲೀಕನ್ನು ಮುಂದೂಡಲೇಬಾರದು, ಏಕೆಂದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿಕೊಳ್ಳಬಲ್ಲದು.

ಅಂದಿನಿಂದ ಕಾರು ಹೊರಡುವ ಮುಂಚಿನ ಕೆಲವು ನಿಮಿಷಗಳು ನನಗೆ ಪ್ರಿಯವಾಗಿವೆ. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರನ್ನು ತಡವಿ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಇಂಜಿನ್ ಓಡುವ ಮೊದಲು ನೀರಿನ ಉಷ್ಣತೆ ಮತ್ತು ಒಳಬರುವ ಗಾಳಿಯ ಉಷ್ಣತೆ ಎರಡೂ ಒಂದೇ ಇವೆಯೇ ಎಂದು ನೋಡುತ್ತೇನೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಅವು ಬೇರೆಬೇರೆಯಿದ್ದರೆ ಎರಡರಲ್ಲೊಂದು ಸೆನ್ಸರ್ ಸುಳ್ಳು ಹೇಳುತ್ತಿದೆ. ಸ್ಟಾರ್ಟ್ ಆದ ಮೇಲೆ ಫ್ಯೂಯಲ್ ಸಿಸ್ಟಮ್ ಸ್ಟೇಟಸ್ ಎಂಬ ಸಾಲು ಓಪನ್ ಲೂಪ್ ಎಂದು ತೋರಿಸುತ್ತದೆ, ಅಲ್ಲಿಯವರೆಗೆ ಇಸಿಯು ಸೆನ್ಸರಿನ ಮಾತು ಕೇಳದೆ ಕಂಠಪಾಠದ ಲೆಕ್ಕದಲ್ಲಿ ಪೆಟ್ರೋಲ್ ಹಾಕುತ್ತಿರುತ್ತದೆ. ಸೆನ್ಸರ್ ಕಾದು ಅದು ಕ್ಲೋಸ್ಡ್ ಲೂಪ್ ಎಂದು ಬದಲಾದ ಕ್ಷಣಕ್ಕೆ ಐಡ್ಲಿಂಗ್ ಸದ್ದೂ ತುಸು ಮೃದುವಾಗುವುದನ್ನು ಕಿವಿ ಗುರುತಿಸುತ್ತದೆ. ಡ್ಯಾಶ್‌ಬೋರ್ಡಿನ ಉಷ್ಣತಾ ಮುಳ್ಳಿನ ಮೇಲಿದ್ದ ನನ್ನ ವಿಶ್ವಾಸವೂ ಇದರಿಂದಲೇ ಹೋಯಿತು: ಅನೇಕ ಕಾರುಗಳಲ್ಲಿ ಆ ಮುಳ್ಳು ವಿಸ್ತಾರವಾದ ಒಂದು ಉಷ್ಣತಾ ವ್ಯಾಪ್ತಿಗೆಲ್ಲ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಸ್ಕ್ಯಾನರ್ ಮಾತ್ರ ಒಂದೊಂದು ಡಿಗ್ರಿಯನ್ನೂ ತೋರಿಸುತ್ತದೆ.

ಇನ್ನು ಬೇಸರದ ಮಾತು. ಈ ಸಾಧನ ನಿಧಾನ, ಮತ್ತು ಹಳೆಯ ಕಾರಿನಲ್ಲಿ ಅಸಹನೀಯವಾಗಿ ನಿಧಾನ. ಪೆಟ್ಟಿಗೆಯ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ. ಅಮೆರಿಕದಲ್ಲಿ ಒಬಿಡಿ-2 ಎಂಬ ಈ ಸಾಕೆಟ್ ಮತ್ತು ಕೋಡ್‌ಗಳ ವ್ಯವಸ್ಥೆ ಕಡ್ಡಾಯವಾದದ್ದು 1996ರ ಮಾದರಿಗಳಿಂದ, ಆದರೆ ಕ್ಯಾನ್ ಎಂಬ ವೇಗದ ಸಂಪರ್ಕ ಅಲ್ಲಿ ಕಡ್ಡಾಯವಾದದ್ದು 2008ರ ಮಾದರಿಗಳಿಂದ. ನಡುವಿನ ಅವಧಿಯ ಅನೇಕ ಕಾರುಗಳಂತೆ ನನ್ನದೂ ಕೆ-ಲೈನ್ ಎಂಬ ಒಂಟಿ ತಂತಿಯಲ್ಲಿ ಸೆಕೆಂಡಿಗೆ 10,400 ಬಿಟ್‌ಗಳ ವೇಗದಲ್ಲಿ ಮಾತಾಡುತ್ತದೆ. ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಅದು 5,00,000. ಹೀಗಾಗಿ ಸೆಕೆಂಡಿಗೆ ಕೆಲವೇ ಅಂಕಿಗಳು ಬರುತ್ತವೆ, ನಾಲ್ಕೈದು ಸಾಲುಗಳನ್ನು ಒಟ್ಟಿಗೆ ತೆರೆದರೆ ಪ್ರತಿಯೊಂದೂ ತನ್ನ ಸರದಿಗಾಗಿ ಕಾಯುತ್ತದೆ. ಆಗ ಸರಿಯಾಗಿ ಕೆಲಸ ಮಾಡುತ್ತಿರುವ ಮುಂದಿನ ಆಕ್ಸಿಜನ್ ಸೆನ್ಸರೂ ತೆರೆಯ ಮೇಲಿನ ಗೆರೆಯಲ್ಲಿ ಸೋಮಾರಿಯಾಗಿ ಕಾಣುತ್ತದೆ, ಏಕೆಂದರೆ ಅದರ ಅರ್ಧಕ್ಕರ್ಧ ಏರಿಳಿತಗಳು ಎರಡು ಓದುಗಳ ನಡುವೆ ಕಳೆದುಹೋಗಿರುತ್ತವೆ. ಆ ಗೆರೆಯನ್ನು ನಂಬಿ ಸೆನ್ಸರ್ ಕೊಳ್ಳಲು ಹೊರಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಅವರ ಮೇಲಲ್ಲ, ಸುಂದರವಾದ ಗ್ರಾಫ್ ಬಿಡಿಸಿಕೊಟ್ಟ ಆ್ಯಪ್‌ನ ಮೇಲೆ. ಸೆನ್ಸರನ್ನು ನೋಡುವಾಗ ಉಳಿದೆಲ್ಲ ಸಾಲುಗಳನ್ನು ಮುಚ್ಚಿ ಅದೊಂದನ್ನೇ ನೋಡುವುದು ನಾನು ಕಂಡುಕೊಂಡ ದಾರಿ.

ಇದಕ್ಕಿಂತ ಕೆಟ್ಟದ್ದು ನಕಲಿಗಳ ಸಮಸ್ಯೆ. ಇಎಲ್‌ಎಂ 327 ಎಂಬುದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಚಿಪ್; ಅದರ ಹೆಸರು ಹೊತ್ತ ಅಗ್ಗದ ಸ್ಕ್ಯಾನರ್‌ಗಳಲ್ಲಿ ಬಹುಪಾಲು ಅದರ ಅನುಕರಣೆಗಳು. ನಾನು ಮೊದಲು ಕೊಂಡದ್ದು ಯಾರ ಹೆಸರೂ ಇಲ್ಲದ ಅಂಥದ್ದೇ ಒಂದು ಡಬ್ಬಿ. ಹೊಸ ಕಾರುಗಳೊಡನೆ ಸಲೀಸಾಗಿ ಮಾತಾಡುತ್ತಿದ್ದ ಅದು ನನ್ನ ಕಾರಿನ ಕೆ-ಲೈನ್ ಎದುರು ಮೂಕವಾಯಿತು. ಈಗಿರುವುದು ಅದರ ನಂತರದ್ದು, ಇದಕ್ಕೂ ಬ್ಲೂಟೂತ್ ಸಂಪರ್ಕ ಆಗಾಗ ಕಡಿಯುತ್ತದೆ. ಹಳೆಯ ಕಾರಿನವರು ಕೊಳ್ಳುವ ಮುನ್ನ ಕೇಳಬೇಕಾದದ್ದು ಐಎಸ್‌ಒ 9141-2 ಮತ್ತು ಐಎಸ್‌ಒ 14230 ಎಂಬ ಕೆ-ಲೈನ್ ಪ್ರೋಟೋಕಾಲ್‌ಗಳು (ಸಂವಹನದ ನಿಯಮಗಳು) ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂಬುದನ್ನು.

ಕೋಡ್ ಅಳಿಸುವ ಗುಂಡಿಯ ಬಗ್ಗೆಯೂ ಒಂದು ಮಾತು. ಅದನ್ನು ಒತ್ತಿದರೆ ಕೋಡ್ ಮಾತ್ರವಲ್ಲ, ದೋಷ ಹುಟ್ಟಿದ ಕ್ಷಣದ ಆರ್‌ಪಿಎಂ, ಲೋಡ್, ಉಷ್ಣತೆಗಳನ್ನು ಹಿಡಿದಿಟ್ಟ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ, ಮತ್ತು ಇಸಿಯು ತನ್ನ ಸ್ವಯಂಪರೀಕ್ಷೆಗಳನ್ನೆಲ್ಲ ಹೊಸದಾಗಿ ಆರಂಭಿಸಬೇಕಾಗುತ್ತದೆ. ನಾನು ಮೊದಲು ಫ್ರೀಜ್ ಫ್ರೇಮನ್ನು ಪುಸ್ತಕದಲ್ಲಿ ಬರೆದುಕೊಂಡು ಆಮೇಲಷ್ಟೇ ಅಳಿಸುತ್ತೇನೆ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೋದಾಗ ಇದು ಬೇರೊಂದು ರೀತಿಯಲ್ಲಿ ನೆರವಾಗುತ್ತದೆ: ಕೋಡ್ ಒಂದೂ ಇಲ್ಲ, ಆದರೆ ರೆಡಿನೆಸ್ ಪುಟದಲ್ಲಿ ಬಹಳಷ್ಟು ಪರೀಕ್ಷೆಗಳು ಅಪೂರ್ಣವಾಗಿವೆ ಎಂದು ಕಂಡರೆ, ಯಾರೋ ಇತ್ತೀಚೆಗೆ ದೀಪ ಆರಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು, ಕಾರಣ ಕೇಳುವುದು ಕೊಳ್ಳುವವರ ಹಕ್ಕು.

ಸ್ಕ್ಯಾನರ್ ಕಾಣದಿರುವುದೂ ಬಹಳಷ್ಟಿದೆ. ಬಹಳ ಹೊತ್ತು ನಿಂತ ಮೇಲಿನ ಸ್ಟಾರ್ಟ್‌ನಲ್ಲಿ ಒಮ್ಮೆ ನೀಲಿ ಹೊಗೆ ಉಗುಳಿ ಸುಮ್ಮನಾಗುವ ವಾಲ್ವ್ ಸೀಲ್‌ಗಳನ್ನಾಗಲಿ, ಸಿಹಿ ವಾಸನೆಯ ಬಿಳಿ ಹೊಗೆಯಲ್ಲಿ ಹೋಗುವ ಕೂಲೆಂಟನ್ನಾಗಲಿ ಅದು ಹೇಳಲಾರದು. ಪಿಕಪ್ ಕಡಿಮೆಯಾಗಿ ಎಕ್ಸಾಸ್ಟ್ ಕಟ್ಟಿಕೊಂಡಿರುವ ಅನುಮಾನ ಬಂದರೆ ನಾನು ನೆಚ್ಚುವುದು ಹಳೆಯ ಕಾಲದ ವ್ಯಾಕ್ಯೂಮ್ ಗೇಜನ್ನು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಇಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 17 ರಿಂದ 21 ಅಂಗುಲ ಪಾದರಸ ತೋರಿಸುತ್ತದೆ. 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿದಾಗ ಮುಳ್ಳು ಮೆಲ್ಲಗೆ ಜಾರತೊಡಗಿದರೆ ಕನ್ವರ್ಟರ್ ಅಥವಾ ಸೈಲೆನ್ಸರ್ ಒಳಗೆ ಕುಸಿದಿರಬಹುದು. ಮಿಸ್ಸಿಂಗ್‌ನ ವಿಷಯದಲ್ಲೂ ಅಷ್ಟೆ, ಪಿ0302 ಎಂದರೆ ಎರಡನೆಯ ಸಿಲಿಂಡರ್ ಎಂದು ಗೊತ್ತಾಗುತ್ತದೆಯೇ ಹೊರತು ಕಾಯಿಲ್, ಪ್ಲಗ್, ಇಂಜೆಕ್ಟರ್, ಕಂಪ್ರೆಷನ್‌ಗಳಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯಲು ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ಕೋಡ್ ಅದರ ಬೆನ್ನು ಹತ್ತುತ್ತದೆಯೇ ಎಂದು ನೋಡಲೇಬೇಕು. ದೀಪ ಮಿನುಗುತ್ತಿದ್ದರೆ ಅದಕ್ಕೂ ಕಾಯದೆ ಕಾರು ನಿಲ್ಲಿಸಬೇಕು, ಏಕೆಂದರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ.

ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ಕೋಡ್ ಓದಿ ದೀಪ ಆರಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ತಂತಿ ಇರುವ, ಸ್ವಂತ ತೆರೆಯ ಸಾದಾ ರೀಡರ್ ಇದಕ್ಕಿಂತ ನೆಮ್ಮದಿ ಕೊಡುತ್ತದೆ. ಟ್ರಿಮ್ ಅಂಕಿಗಳೊಡನೆ ಕುಳಿತು ತಾಳ್ಮೆಯಿಂದ ಯೋಚಿಸುವವರಿಗೆ ಇದು ಕೊಟ್ಟ ಹಣಕ್ಕೆ ಹಲವು ಪಟ್ಟು ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ ಮಾತ್ರ: ಸಾಕೆಟ್ಟಿನ ಹದಿನಾರನೆಯ ಪಿನ್ನಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತದೆ, ಕೀಲಿ ತೆಗೆದ ಮೇಲೂ ಈ ಸ್ಕ್ಯಾನರ್ ಎಚ್ಚರವಾಗಿಯೇ ಇರುತ್ತದೆ. ವಾರಗಟ್ಟಲೆ ನಿಲ್ಲುವ ಕಾರಿನಲ್ಲಿ ಅದನ್ನು ಕಿತ್ತಿಡಿ, ಅಥವಾ ನಡುವೆ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಕೇಬಲ್ ಹಾಕಿಕೊಳ್ಳಿ. ಅಂಥ ಕೇಬಲ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು.