ಇಂಗ್ಲೆಂಡಿನ ಮನೆಗೆ ಹೀಟ್ ಪಂಪೋ, ಗ್ಯಾಸ್ ಬಾಯ್ಲರೋ?

ಮನೆ ಬೆಚ್ಚಗಿಡಲು ಬಾಯ್ಲರ್ ಗ್ಯಾಸ್ ಸುಟ್ಟು ಬಿಸಿ ಹುಟ್ಟಿಸುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಎಳೆದು ಒಳಗೆ ತರುತ್ತದೆ. ಚಳಿಗೆ ನಿಂತುಹೋಗುತ್ತೆ ಅನ್ನೋದು ಸುಮ್ನೆ ಮಾತು. ಚಳಿದೇಶ ನಾರ್ವೆಯಲ್ಲೇ ಇದು ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಕಾಣುತ್ತದೆ.

ಬಿಲ್ಲಿನ ಲೆಕ್ಕ ಮಾತ್ರ ನಿಧಾನವಾಗಿ ನೋಡಬೇಕು. 1 ಯೂನಿಟ್ ಕರೆಂಟಿಗೆ ಹೀಟ್ ಪಂಪ್ ಸುಮಾರು 3 ಯೂನಿಟ್ ಬಿಸಿ ಕೊಡುತ್ತದೆ. ಒಳ್ಳೆ ಬಾಯ್ಲರ್ 1 ಯೂನಿಟ್ ಗ್ಯಾಸಿಗೆ ಕೊಡುವುದು 0.9 ಅಷ್ಟೇ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಅಲ್ಲಿ ಕರೆಂಟಿನ ದರ ಗ್ಯಾಸಿನ ಸುಮಾರು 4 ಪಟ್ಟು. ಹಾಗಾಗಿ 3ರಲ್ಲೇ ನಿಂತರೆ ಖರ್ಚು ಸ್ವಲ್ಪ ಜಾಸ್ತಿಯೇ. 3.6 ದಾಟಿದರೆ ಉಳಿತಾಯ ಶುರು. ಅಷ್ಟು ಬರಬೇಕಾದರೆ ರೇಡಿಯೇಟರಿಗೆ (ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ ಗೋಡೆಯ ಫಲಕ) ಹೋಗುವ ನೀರು 45 ಡಿಗ್ರಿ ಆಸುಪಾಸಿನಲ್ಲೇ ಇರಬೇಕು. ಬಾಯ್ಲರ್ ಆರಾಮಾಗಿ 60-70 ಡಿಗ್ರಿ ಕಳಿಸುತ್ತದೆ. ನೀರು ತಣ್ಣಗಾದಷ್ಟೂ ರೇಡಿಯೇಟರ್ ದೊಡ್ಡದು ಬೇಕು.

ಕೂರಿಸುವುದರಲ್ಲಿ ಬಾಯ್ಲರೇ ಅಗ್ಗ, ಬೇಗ. ಹೀಟ್ ಪಂಪಿಗೆ 2023ರಿಂದ ಸರ್ಕಾರ 7,500 ಪೌಂಡ್ ಕೊಡುತ್ತಿದೆ, ಆದರೂ ಕೈಯಿಂದ ಹಾಕುವುದು ಇದ್ದೇ ಇರುತ್ತದೆ. ಬಿಸಿನೀರು ತುಂಬಿಡುವ ಸಿಲಿಂಡರಿಗೆ, ಅಂದರೆ ಟ್ಯಾಂಕಿಗೆ, ಜಾಗವೂ ಬೇಕು. ಟ್ಯಾಂಕ್ ಇಲ್ಲದೆ ಬೇಕಾದಾಗ ನೇರವಾಗಿ ನೀರು ಕಾಯಿಸುವ ಕಾಂಬಿ ಬಾಯ್ಲರ್ ಇರುವ ಸಣ್ಣ ಫ್ಲಾಟುಗಳಲ್ಲಿ ಇದೇ ದೊಡ್ಡ ತಲೆನೋವು.

ನನ್ನ ಮಟ್ಟಿಗೆ, ಗೋಡೆ, ಅಟ್ಟಕ್ಕೆಲ್ಲ ಇನ್ಸುಲೇಷನ್ (ಬಿಸಿ ಹೊರಗೆ ಸೋರದಂತೆ ತಡೆಯುವ ಪದರ) ಆಗಿದ್ದು, ಅಲ್ಲೇ ಹತ್ತಾರು ವರ್ಷ ಇರುವವರಿಗೆ ಹೀಟ್ ಪಂಪ್. ಗಾಳಿ ನುಗ್ಗುವ ಹಳೇ ಮನೆಯಾದರೆ ಮೊದಲು ಸಂದಿಗಳನ್ನು ಮುಚ್ಚಿಸಿ. ಹಾಕುವವರು ಒಂದೊಂದು ಕೋಣೆಯಿಂದ ಎಷ್ಟು ಬಿಸಿ ಸೋರುತ್ತದೆ ಅಂತ ಲೆಕ್ಕ ಹಾಕದೆ ರೇಟು ಹೇಳಿದರೆ, ಬೇರೆಯವರನ್ನು ಕರೆಸಿ.