ಎಸಿ ಇರುವ ಆಫೀಸಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸುವ ಮುಂಚೆ ಇದನ್ನು ಓದಿ

ಕುಶಾಲನಗರದಲ್ಲಿ ಶೀಟ್ ಚಾವಣಿಯ ಕೆಳಗಿರುವ 12 ಜನರ ಆಫೀಸೊಂದರಲ್ಲಿ ಆದದ್ದಿದು. ಏಪ್ರಿಲ್ ಸೆಕೆ ತಡೆಯಲಾರದೆ, ಗುತ್ತಿಗೆದಾರರ ಮಾತು ನಂಬಿ ಕಿಟಕಿಗಳನ್ನೆಲ್ಲ ಸಿಲಿಕೋನ್ ಬಳಿದು ಮುಚ್ಚಿಸಿದರು. ಫಾಲ್ಸ್ ಸೀಲಿಂಗ್, ಸ್ಪ್ಲಿಟ್ ಎಸಿ, ಜೊತೆಗೆ 12 ಇಂಚಿನ ಎರಡು ಎಕ್ಸಾಸ್ಟ್ ಫ್ಯಾನ್ ಬಂದವು. ಈಗ ಫ್ಯಾನ್ ಹಾಕಿದರೆ ಶೌಚಾಲಯದ ವಾಸನೆ, ಆರಿಸಿದರೆ ತಲೆಭಾರ. ಎಸಿಯ ಕಂಪ್ರೆಸರ್ ಸಂಜೆವರೆಗೂ ನಿಲ್ಲುವುದಿಲ್ಲ.

ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ದಾರಿ ಬಿಡದಿದ್ದರೆ ಫ್ಯಾನ್ ಸಿಕ್ಕ ಸಂದಿಯಿಂದ ಎಳೆಯುತ್ತದೆ: ಶೌಚಾಲಯದ ಬಾಗಿಲಡಿಯಿಂದ, ಲೈಟ್ ಕೂರಿಸಿದ ತೂತುಗಳ ಮೂಲಕ ಶೀಟಿನಡಿಯ ಕಾದ ಗಾಳಿಯನ್ನು. ಸ್ಪ್ಲಿಟ್ ಎಸಿಯಂತೂ ಒಳಗಿನ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ.

ಒಬ್ಬರಿಗೆ ಸೆಕೆಂಡಿಗೆ ಸುಮಾರು 10 ಲೀಟರ್ ಹೊಸ ಗಾಳಿ ಸಾಕು. 12 ಜನಕ್ಕೆ 120 ಲೀಟರ್. 12 ಇಂಚಿನ ಒಂದೇ ಫ್ಯಾನ್ ಇದರ ಎರಡರಷ್ಟಕ್ಕೂ ಹೆಚ್ಚು ಎಳೆಯುತ್ತದೆ. ಎರಡು ಓಡಿದರೆ ದುಡ್ಡು ಕೊಟ್ಟು ತಣಿಸಿದ ಗಾಳಿಯೆಲ್ಲ ರಸ್ತೆಗೆ. ಎಸಿ ಇರುವಲ್ಲಿ ಇಷ್ಟು ಜನಕ್ಕೆ 8 ಇಂಚಿನದೊಂದು ಸಾಕು, ಅದರ ಎದುರುಗೋಡೆಯಲ್ಲಿ ಜಾಲರಿ ಹಾಕಿದ 2 ಚದರ ಅಡಿಯ ಕಿಂಡಿ ಇರಲಿ. ಫ್ಯಾನಿನ ಪಕ್ಕದಲ್ಲೇ ಕಿಟಕಿ ತೆರೆದರೆ ಗಾಳಿ ಅಲ್ಲಿಂದಲ್ಲಿಗೇ ಸುತ್ತುತ್ತದೆ, ಕುರ್ಚಿಯಲ್ಲಿ ಕೂತವರಿಗೆ ತಲುಪುವುದಿಲ್ಲ. ಕಿಂಡಿ ಪಡುವಣ ಗೋಡೆಯಲ್ಲಿ ಬೇಡ. ಮಡಿಕೇರಿ ಕಡೆಯ ಜುಲೈ ಮಳೆ ಅಡ್ಡಡ್ಡ ಹೊಡೆದು ಫೈಲುಗಳಿಗೆ ಬೂಷ್ಟು ಹಿಡಿಯುತ್ತದೆ.

ಕೊನೆಯ ಬಿಲ್ ಚುಕ್ತಾ ಮಾಡುವ ಮುಂಚೆ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಶೌಚಾಲಯದ ಬಾಗಿಲಡಿ ಊದುಕಡ್ಡಿ ಹಿಡಿಯಿರಿ. ಹೊಗೆ ಆಫೀಸಿನ ಕಡೆ ವಾಲಿದರೆ ಕೆಲಸ ಕೆಟ್ಟಿದೆ. ಶೌಚಾಲಯಕ್ಕೆ ಬೇರೆಯೇ ಒಂದು ಫ್ಯಾನ್ ಬೇಕು.

ನಮ್ಮ ಕಡೆ ಬೇಸಿಗೆಯಲ್ಲೂ ರಾತ್ರಿ ತಂಪು. ದೊಡ್ಡ ಫ್ಯಾನ್ ಈಗಾಗಲೇ ಇದ್ದರೆ ಬೆಳಗ್ಗೆ ಕಿಟಕಿ ತೆರೆದು ಒಂದು ಗಂಟೆ ಓಡಿಸಿ, ಆಮೇಲೆ ಅದನ್ನು ಆರಿಸಿ, ಕಿಟಕಿ ಮುಚ್ಚಿ ಎಸಿ ಹಾಕಿ; ಹೊಸ ಗಾಳಿಗೆ ಸಣ್ಣ ಫ್ಯಾನೂ ಕಿಂಡಿಯೂ ಇರಲಿ. ಸೀಲಿಂಗ್ ಫ್ಯಾನ್ ಕಿತ್ತುಹಾಕಬೇಡಿ; ಅದು ತಿರುಗುತ್ತಿದ್ದರೆ ಎಸಿಯನ್ನು 26ಕ್ಕಿಟ್ಟರೂ ಹಾಯೆನಿಸುತ್ತದೆ. ಬಿಎಲ್‌ಡಿಸಿ (ಕರೆಂಟ್ ಉಳಿಸುವ ಹೊಸ ಬಗೆಯ ಮೋಟಾರಿನ) ಫ್ಯಾನಿಗೆ ಖರ್ಚು ಸುಮಾರು 30 ವಾಟ್, ಹಳೆಯದಕ್ಕೆ 75.

ಜನರೇಟರ್ ಇದ್ದವರು ಇದನ್ನೊಂದು ಖಂಡಿತ ನೋಡಿ: ಅದರ ಹೊಗೆ ಕೊಳವೆಯ ಹತ್ತಿರ ಗಾಳಿಯ ಕಿಂಡಿ ಇಡಲೇಬಾರದು. ಕರೆಂಟ್ ಹೋದಾಗ ಎಕ್ಸಾಸ್ಟ್ ಫ್ಯಾನ್ ಆ ಹೊಗೆಯನ್ನೇ ಒಳಗೆಳೆಯುತ್ತದೆ. ಅದರಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಜೀವಕ್ಕೇ ಅಪಾಯ. ಅಂಥ ಕಿಂಡಿ ಇದ್ದರೆ ಇವತ್ತೇ ಮುಚ್ಚಿಸಿ, ಕಟ್ಟಡದ ಇನ್ನೊಂದು ಬದಿಯಲ್ಲಿ ಹೊಸದು ಕೊರೆಸಿ.