ಸಮುದ್ರದ ಅಕ್ವೇರಿಯಂಗೆ ಸಾಫ್ಟನರ್ ನೀರಾ, ಆರ್‌ಒ-ಡಿಐ ನೀರಾ?

ಬೆಂಗಳೂರಿನ ಬೋರ್‌ವೆಲ್ ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟನರ್ (ಗಡಸು ನೀರನ್ನು ಮೆದು ಮಾಡುವ ಯಂತ್ರ) ಮಾಮೂಲು. ಆ ನೀರಿಗೇ ಅಕ್ವೇರಿಯಂಗೆಂದು ಸಿಗುವ ಸಮುದ್ರದ ಉಪ್ಪಿನ ಪುಡಿ ಕಲಸಿದರೆ ಆಗಲ್ವಾ?

ಎಲ್ಲರೂ ಹೆದರುವುದು ಸೋಡಿಯಂಗೆ. ಅದು ಸುಮ್ನೆ ಭಯ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. 400 ಪಿಪಿಎಂ ಗಡಸುತನವಿದ್ದರೆ ಲೀಟರಿಗೆ ಸುಮಾರು 185 ಮಿ.ಗ್ರಾಂ ಸೋಡಿಯಂ ಸೇರುತ್ತದೆ. ಸಮುದ್ರದ ನೀರಲ್ಲಿ ಇರುವುದೇ 10,800 ಮಿ.ಗ್ರಾಂ ಹತ್ತಿರ! ಹೋದ ಕ್ಯಾಲ್ಸಿಯಂ ಉಪ್ಪಿನ ಪುಡಿಯಲ್ಲೇ ವಾಪಸ್ ಬರುತ್ತದೆ.

ನಿಜವಾದ ತೊಂದರೆ ಬೇರೆ. ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಸಾಫ್ಟನರ್‌ನಲ್ಲಿ ಹಾಗೇ ದಾಟಿ ಬರುತ್ತವೆ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವುದು) ಅದ್ದಿ ನೋಡಿ, ಅಂಕಿ ಹೆಚ್ಚುಕಮ್ಮಿ ಇಳಿದೇ ಇರುವುದಿಲ್ಲ. ಗಾಜಿಗೆ ಕಂದು ಪಾಚಿ ಮೆತ್ತುವುದು ಈ ಸಿಲಿಕೇಟ್‌ನಿಂದಲೇ ಜಾಸ್ತಿ.

ಆರ್‌ಒ-ಡಿಐ ಅಂದರೆ ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯಲ್ಲಿ ಸೋಸಿ (ಆರ್‌ಒ), ಉಳಿದ ಲವಣವನ್ನೂ ರಾಳದಲ್ಲಿ ತೆಗೆದ (ಡಿಐ) ನೀರು. ಅದರಲ್ಲಿ ಮೀಟರ್ 0 ತೋರಿಸುತ್ತದೆ. ಖರ್ಚಿದೆ, ಒಂದು ಬಕೆಟ್ಟಿಗೆ ಎರಡು ಮೂರು ಬಕೆಟ್ ಪೋಲೂ ಆಗುತ್ತದೆ (ನೆಲ ಒರೆಸಲು ಇಟ್ಟುಕೊಳ್ಳಿ).

ಮೀನು ಮಾತ್ರ ಸಾಕುವವರು ಕ್ಲೋರಿನ್ ತೆಗೆದು ಸಾಫ್ಟನರ್ ನೀರಲ್ಲೇ ಹೇಗೋ ನಿಭಾಯಿಸಬಹುದು. ಹವಳ ಇಡುವವರಿಗೆ ಆರ್‌ಒ-ಡಿಐ ಬಿಟ್ಟು ಬೇರೆ ಹೇಳಲಾರೆ. ಮನೆಯಲ್ಲಿ ಸಾಫ್ಟನರ್ ಇದ್ದರೆ ಒಳ್ಳೆಯದೇ ಆಯ್ತು, ಅದರ ನೀರನ್ನು ಆರ್‌ಒಗೆ ಕೊಡಿ. ಮೆಂಬ್ರೇನ್‌ಗೆ ಸುಣ್ಣ ಕಟ್ಟುವುದಿಲ್ಲ.